ಸರದಾರನಿಗೊಂದು ಖಾನೆ

ವಾಡಿ ಸ್ಟೇಶನ್ನಿನ ಆಚೆ, ಹಾಸುಗಲ್ಲಿನ ಸಹಕಾರ ಸಂಘದ ಸ್ಟೋರಿನಲ್ಲಿ ಸ್ಟೋರ್‌ಕೀಪರ್ ದೇವಿಂದ್ರಪ್ಪನಿಗೆ ಕಣ್ಣು ಮುಚ್ಚಿದರೂ ಸಾಮಾನು ಕೈಗೆ ಸಿಗುತ್ತಿತ್ತು. ಗುದ್ದಲಿಯ ಪಕ್ಕ ಅದರ ಕಾವು, ಕಾವಿನ ಪಕ್ಕ ಬೆಣೆ, ಬೆಣೆಯ ಪಕ್ಕ ಬೆರಳಿಗೆ ಪೆಟ್ಟು ಬಿದ್ದರೆ ಸುತ್ತಲು ಒಂದು ಅರಿವೆ. ಜೊತೆಗೆ ಬೇಕಾಗುವವು ಜೊತೆಗೇ ಇರಲಿ ಎಂಬುದಷ್ಟೇ ಅವನ ಲೆಕ್ಕ. ಬೆಳಗಾಗುವ ಮುಂಚೆ ಬಂದನೆಂದರೆ ಮನೆ ಸೇರುವುದು ದೀಪ ಹಚ್ಚಿದ ಮೇಲೆ. ಹೆಂಡತಿ ಸೂಗಮ್ಮ ಬುತ್ತಿ ಕಟ್ಟಿ ಕಟ್ಟಿ ಬೇಸತ್ತಿದ್ದಳು. ಹಬ್ಬದ ಹೋಳಿಗೆಯೂ ಸ್ಟೋರಿಗೇ ಹೋಗುತ್ತಿತ್ತು, ಅದರಲ್ಲಿ ಅರ್ಧ ಸರದಾರನ ಹೊಟ್ಟೆಗೆ. ಸರದಾರ ಎಂದರೆ ಸಂಘದ ಎತ್ತು. ಕಲ್ಲಿನ ಬಂಡಿ ಎಳೆದೂ ಎಳೆದೂ ಹೆಗಲು ಜಡ್ಡುಗಟ್ಟಿತ್ತು, ಆದರೂ ದೇವಿಂದ್ರಪ್ಪನ ದನಿ ಕೇಳಿದರೆ ಕಿವಿ ನಿಮಿರುತ್ತಿತ್ತು.

ಹೀಗೆ ಸುಖವಾಗಿದ್ದವರ ನಡುವೆ ಕಂಪ್ಯೂಟರ್ ಬಂತು ನೋಡಿ. ಅದೂ ಇಲ್ಲಿಗಲ್ಲ, ದೊಡ್ಡ ಆಫೀಸಿಗೆ. ಎಂಬತ್ತಮೂರನೆಯ ಇಸವಿಯ ಮಾತು. ಆ ಯಂತ್ರವನ್ನು ವಾಡಿಯಲ್ಲಿ ಯಾರೂ ಕಂಡಿರಲಿಲ್ಲ, ಕಾಣದಿದ್ದರೂ ಎಲ್ಲರೂ ಹೆದರಿದ್ದರು. ಅದರ ಹೊಟ್ಟೆಯಲ್ಲಿ ಇದ್ದದ್ದು ಐದೇ ಖಾನೆ: ಕಬ್ಬಿಣ, ಕಟ್ಟಿಗೆ, ಬಟ್ಟೆ, ಎಣ್ಣೆ, ಚರ್ಮ. ಸಂಘದ ಪ್ರತಿಯೊಂದು ಸಾಮಾನೂ ಇವುಗಳಲ್ಲಿ ಒಂದಕ್ಕೆ ಸೇರಲೇಬೇಕು ಎಂದು ಹೇಳಲು ಆ ಆಫೀಸಿನ ದಶರಥ ಸಾಹೇಬರು ರೈಲಿನಿಂದ ಇಳಿದರು.

ನೋಡನೋಡುತ್ತಿದ್ದಂತೆ ಸ್ಟೋರಿನ ಗುರುತೇ ಸಿಗದಂತಾಯಿತು. ಗುದ್ದಲಿ ಒಂದು ಕೋಣೆಗೆ, ಕಾವು ಇನ್ನೊಂದಕ್ಕೆ. ಸ್ಟೋರಿನ ಬಾಗಿಲನ್ನೇ ಕಿತ್ತು ಕಟ್ಟಿಗೆಯ ಕೋಣೆಯಲ್ಲಿಟ್ಟರು, ಅದರ ಕೀಲಿಯನ್ನು ಕಬ್ಬಿಣದ ಕೋಣೆಯಲ್ಲಿ. ಈಗ ಯಾರು ಬೇಕಾದರೂ ಒಳಗೆ ಬರಬಹುದಿತ್ತು, ಬಂದವರಿಗೆ ಬೇಕಾದ್ದು ಮಾತ್ರ ಸಿಗುತ್ತಿರಲಿಲ್ಲ. ದೇವಿಂದ್ರಪ್ಪ ಎಲ್ಲಕ್ಕೂ ತಲೆಯಾಡಿಸಿದ, ಚೀಟಿಗಳನ್ನೂ ತಾನೇ ಅಂಟಿಸಿದ. ಕೊನೆಗೆ ಸಾಹೇಬರು ಸರದಾರನ ಎದುರು ನಿಂತರು.

"ಇದು ಯಾವ ಖಾನೆ?"

"ಇದು ಎತ್ತು ಅದರಿ," ಎಂದ ದೇವಿಂದ್ರಪ್ಪ.

"ಎತ್ತಿಗೆ ಖಾನೆ ಇಲ್ಲಪ್ಪ." ಸಾಹೇಬರು ಎತ್ತಿನ ಸುತ್ತ ಒಂದು ಸುತ್ತು ಬಂದರು. "ಮ್ಯಾಲ ಕಾಣೂದೆಲ್ಲ ಚರ್ಮನೇ ಅದ. ಚರ್ಮ ಅಂತ ಬರಿ."

ಹೀಗೆ ಚಪ್ಪಲಿ, ಬಾರುಕೋಲುಗಳ ಸಾಲಿಗೆ ಸರದಾರನೂ ಸೇರಿದ, ಹಣೆಗೊಂದು ಚೀಟಿಯೊಡನೆ. ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಮರುವಾರ ಕಂಪ್ಯೂಟರಿನ ಕಾಗದ ಬಂತು: ಚರ್ಮದ ಖಾನೆಯಲ್ಲಿ ಹತ್ತು ವರ್ಷ ದಾಟಿದ ಸಾಮಾನು ಒಂದಿದೆ, ಸೋಮವಾರ ಹರಾಜು ಹಾಕಿ. ಹರಾಜಿಗೆ ಹೈದರಾಬಾದಿನ ಚರ್ಮದ ವ್ಯಾಪಾರಿ ಬರುವವನಿದ್ದ. ಅವನು ಮೇವು ಹಾಕಿ ಸಾಕಲು ಎತ್ತು ಕೊಳ್ಳುವ ಆಸಾಮಿಯಲ್ಲ. ದೇವಿಂದ್ರಪ್ಪ ಸಾಹೇಬರ ಬಳಿಗೆ ಓಡಿದ.

"ಸಾಹೇಬ್ರ, ಇದು ಜೀವ ಅದರಿ. ಖಾನೆದಾಗಿಂದ ತಗೀರಿ."

ಸಾಹೇಬರು ಕೆಟ್ಟವರೇನಲ್ಲ, ಪಾಪ. ಯಂತ್ರದ ಭಯಕ್ಕೆ ಅವರಿಗೂ ಅನ್ನ ಸೇರುತ್ತಿರಲಿಲ್ಲ. "ತಗದ್ರ ಒಂದು ಕಮ್ಮಿ ಬೀಳ್ತದ. ಕಮ್ಮಿ ಬಿದ್ರ ಅದು ನನ್ನ ಕೇಳ್ತದ. ಇದರ ಬದ್ಲಿ ಇನ್ನೊಂದು ಇಡು. ಚರ್ಮ ಇರಬೇಕು, ಹತ್ತು ವರ್ಷ ದಾಟಿರಬೇಕು, ಸಂಘದ್ದೇ ಇರಬೇಕು."

ದೇವಿಂದ್ರಪ್ಪ ಚಪ್ಪಲಿಗಳನ್ನೆಲ್ಲ ಮಗುಚಿ ನೋಡಿದ. ಎಲ್ಲ ಹೊಸವು. ಆಮೇಲೆ ತನ್ನ ಮೊಣಕೈಯ ಚರ್ಮವನ್ನು ಎಳೆದು ನೋಡಿಕೊಂಡ.

"ನಾ ಆಗ್ತೀನೇನ್ರಿ?"

ಸಾಹೇಬರು ಬೈಯುತ್ತಾರೆಂದುಕೊಂಡಿದ್ದ. ಅವರು ಕೈ ಮುಗಿದುಬಿಟ್ಟರು. "ಮೂವತ್ತು ವರ್ಷದಿಂದ ಸಂಘದಾಗೇ ಬಿದ್ದೀ. ಆಗ್ತದ." ಹೀಗೆ ಖಾಲಿಯಾದ ಸ್ಟೋರ್‌ಕೀಪರನ ಹುದ್ದೆಗೆ ಅಲ್ಲೇ ಸರದಾರನ ಹೆಸರು ಬರೆದರು, ಯಾಕೆಂದರೆ ನೌಕರರನ್ನು ಹರಾಜು ಹಾಕುವ ನಿಯಮ ಆಗಿನ್ನೂ ಬಂದಿರಲಿಲ್ಲ. ಹಣೆಯ ಚೀಟಿ ದೇವಿಂದ್ರಪ್ಪನ ಎದೆಗೆ ಬಂತು. ಎತ್ತನ್ನು ಕುರ್ಚಿಯ ಪಕ್ಕ ಕಟ್ಟಿದರು.

ಸೋಮವಾರ ಹರಾಜು ನಡೆಸಲು ಗುಂಡಗುರ್ತಿಯ ದನದ ದಲಾಲಿ ಖಾಜಾಮಿಯಾ ಬಂದ. ಅವನ ವ್ಯಾಪಾರವೆಲ್ಲ ದನದ ಸಂತೆಯ ಪದ್ಧತಿ. ಬಾಯಲ್ಲಿ ದರ ಆಡುವಂತಿಲ್ಲ. ಹೆಗಲ ಮೇಲಿನ ಬಟ್ಟೆ, ಅಂದರೆ ವಲ್ಲಿಯನ್ನು, ಕೈಗಳ ಮೇಲೆ ಹೊದಿಸಿ, ಕೆಳಗೆ ಬೆರಳು ಅದುಮಿ ದರ ತಿಳಿಸಬೇಕು. ಆ ದರ ಕೈ ಹಿಡಿದ ಇಬ್ಬರಿಗೆ ಮಾತ್ರ ಗೊತ್ತು.

ಮಾಲಿನ ಜಾಗದಲ್ಲಿ ದೇವಿಂದ್ರಪ್ಪನನ್ನು ಕಂಡು ಖಾಜಾಮಿಯಾ ತಬ್ಬಿಬ್ಬಾದ, ಆದರೆ ಚೀಟಿ ಸರಿಯಾಗಿತ್ತು. ವ್ಯಾಪಾರಿ ದೇವಿಂದ್ರಪ್ಪನ ತೋಳು ಚಿವುಟಿದ, ಬೆನ್ನು ಸವರಿದ. "ಹಳೇ ಮಾಲು. ಆದ್ರ ತೂತಿಲ್ಲ," ಎಂದು ವಲ್ಲಿಯ ಕೆಳಗೆ ಕೈಯಿಟ್ಟ. ಖಾಜಾಮಿಯಾನ ಹುಬ್ಬು ಮೇಲೇರಿತು. ದೇವಿಂದ್ರಪ್ಪನಿಗೆ ಆಗ ನಿಜವಾಗಿ ಅಂಜಿಕೆ ಬಂತು. ಎತ್ತು ಉಳಿಯಿತೆಂಬ ಸಂತೋಷದಲ್ಲಿ ಅವನು ತನ್ನ ಬಗ್ಗೆ ವಿಚಾರವನ್ನೇ ಮಾಡಿರಲಿಲ್ಲ.

ಅಷ್ಟರಲ್ಲಿ ಬುತ್ತಿಯ ಗಂಟು ಹಿಡಿದು ಸೂಗಮ್ಮ ಬಂದಳು. ಗಂಡನ ಎದೆಯ ಚೀಟಿ ನೋಡಿದಳು, ವ್ಯಾಪಾರಿಯನ್ನು ನೋಡಿದಳು.

"ಏನ್ ಮಾಡಾಕತ್ತೀರಿ ಇಲ್ಲಿ?"

ಸಾಹೇಬರು ನೆಲ ನೋಡುತ್ತ ನಡೆದದ್ದನ್ನು ಹೇಳಿದರು. ಅವಳು ಗಂಟನ್ನು ಕೆಳಗಿಟ್ಟು ಸೆರಗು ಬಿಗಿದಳು. "ಹಂಗಾರ ಹರಾಜಿನಾಗ ನಾನೂ ಕೇಳ್ತೀನಿ."

"ಅಕ್ಕಾರ, ನನ್ನ ಕೈ ನೀವು ಹ್ಯಾಂಗ ಹಿಡೀತೀರಿ?" ಖಾಜಾಮಿಯಾ ಪೇಚಿಗೆ ಬಿದ್ದ. ತುಸು ಯೋಚಿಸಿ, ದೇವಿಂದ್ರಪ್ಪನ ಕೈ ಎತ್ತಿ ಅದರ ಮೇಲೆ ವಲ್ಲಿ ಹೊದಿಸಿದ. "ನನ್ನ ಬದ್ಲಿ ಮಾಲೇ ಕೈ ಕೊಡ್ಲಿ."

ನಾಲ್ಕು ಜನರ ಎದುರು ಸೂಗಮ್ಮ ಅವನ ಕೈ ಹಿಡಿದದ್ದು ಮದುವೆಯ ದಿನ, ಬಿಟ್ಟರೆ ಈಗಲೇ. ರೊಟ್ಟಿ ಬಡಿದು ಒರಟಾದ ಬೆರಳುಗಳು. ಅವಳು ಒಂದು ಬೆರಳು ಅದುಮಿದಳು, ಇನ್ನೊಂದನ್ನು ಅದುಮಿದಳು, ಆಮೇಲೆ ಇಡೀ ಕೈಯನ್ನೇ ಹಿಡಿದುಕೊಂಡು ಸುಮ್ಮನೆ ನಿಂತಳು. ಅವನ ಕಣ್ಣು ತುಂಬಿದವು.

"ಎಷ್ಟಾಯ್ತಪ್ಪ?" ಎಂದ ಖಾಜಾಮಿಯಾ.

"ಇಷ್ಟು ಯಾರೂ ಕೊಡೂದಿಲ್ರಿ," ಎಂದ ದೇವಿಂದ್ರಪ್ಪ.

ವ್ಯಾಪಾರಿ ಹಿಂದೆ ಸರಿದ. ಸಾಹೇಬರು ಗಾಬರಿಯಿಂದ ಪೆನ್ನು ತೆಗೆದರು. "ಯಂತ್ರಕ್ಕ ದರ ಬೇಕಲ್ಲೋ. ಏನಂತ ಬರೀಲಿ?"

"ವಲ್ಲಿ ಕೆಳಗಿನ ದರ ಬಾಯಿಲೆ ಹೇಳೂದಿಲ್ರಿ ಸಾಹೇಬ್ರ," ಎಂದು ಖಾಜಾಮಿಯಾ ಎದ್ದ. ವಲ್ಲಿಯನ್ನು ವಾಪಸು ಕೇಳಲಿಲ್ಲ.

ಹಾಡಹಗಲೇ ಇಬ್ಬರೂ ಮನೆಯ ದಾರಿ ಹಿಡಿದರು, ಕೈ ಮೇಲೆ ವಲ್ಲಿ ಹಾಗೇ ಇತ್ತು. ಬಾಗಿಲಿಲ್ಲದ ಸ್ಟೋರಿನ ಒಳಗೆ, ಕುರ್ಚಿಯ ಪಕ್ಕ, ಸರದಾರನ ಕಿವಿ ನಿಮಿರಿದವು. ದೇವಿಂದ್ರಪ್ಪನ ಕಾಲು ತಾನಾಗಿ ಆ ಕಡೆ ತಿರುಗಿತು.

"ಮೂವತ್ತು ವರ್ಷ ಸಂಘದ ಸಾಮಾನ ಆಗಿದ್ರಿ, ಸಾಕು," ಎಂದಳು ಸೂಗಮ್ಮ, ಕೈ ಬಿಡದೆ. "ಇನ್ನ ನೀವು ಮನೀದು. ನಾಳಿಂದ ಬುತ್ತಿ ಅವಗ ಕಟ್ಟಿ ಕಳಸ್ತೀನಿ. ನೌಕರಿ ಅವಂದಲ್ಲೇನು."