ಬಲಗಡೆಯ ಗುಂಡಿ

ಪ್ರೆಸ್ಸಿನ ಕಾಗದ ಕತ್ತರಿಸುವ ಯಂತ್ರ ಅವಳ ಗಂಡನ ಬಲಗೈಯ ನಾಲ್ಕು ಬೆರಳುಗಳನ್ನು ತೆಗೆದುಕೊಂಡು ಮೂರು ತಿಂಗಳಾಗಿತ್ತು. ಹೊಲಿಗೆ ಬಿಚ್ಚಿದ್ದರು, ಗಾಯ ಒಣಗಿತ್ತು. ಆದರೆ ಮನುಷ್ಯ ಹೊಸ್ತಿಲು ದಾಟುತ್ತಿರಲಿಲ್ಲ. ಉಳಿದ ಹೆಬ್ಬೆರಳನ್ನು ದಿನಕ್ಕೆ ನೂರು ಸಲ ಮಡಚಿ ಬಿಡಿಸಬೇಕೆಂದು ಆಸ್ಪತ್ರೆಯವರು ಹೇಳಿದ್ದರು. ಅವನು ಆ ಕೈಗೆ ಟವೆಲು ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಗೋಡೆ ನೋಡುತ್ತ ಕೂರುತ್ತಿದ್ದ. "ಇಲ್ಲದ ಬೆರಳು ಕಡೀತದೆ ಕಣೆ, ಎಲ್ಲಿ ಕೆರ್ಕೊಳ್ಲಿ?" ಎಂದು ಒಮ್ಮೆ ಹೆಂಡತಿಯನ್ನು ಕೇಳಿದ್ದ.

ಊಟ ಮಾಡಿಸುತ್ತಿದ್ದವರು ಅತ್ತೆ. ಮೂವತ್ತಾರು ವರ್ಷದ ಮಗನ ಬಾಯಿಗೆ ತುತ್ತಿಡುತ್ತ, ತುತ್ತಿಗೊಂದರಂತೆ ಪ್ರೆಸ್ಸಿನ ಯಜಮಾನನಿಗೆ ಶಾಪ ಹಾಕುತ್ತಿದ್ದರು. "ಲಡಕಾಸಿ ಮಿಷನ್ನು ಇಟ್ಕೊಂಡು ನನ್ನ ಮಗನ ಕೈ ತಿಂದ. ಅವನ ಮನೆ ಹಾಳಾಗ." ಮಗ ಅಗಿಯುತ್ತಿದ್ದ. ಅಲಗು ತಾನಾಗಿಯೇ ಬಿತ್ತು ಎಂದು ಆಸ್ಪತ್ರೆಯಲ್ಲಿ ಒಂದೇ ಮಾತು ಹೇಳಿದ್ದ. ಆಮೇಲೆ ಆ ವಿಷಯ ಎತ್ತಿರಲಿಲ್ಲ.

ಪರಿಹಾರದ ಮಾತು ಏಳುವ ಮೊದಲೇ ಯಜಮಾನ ತಾನಾಗಿಯೇ ಹೇಳಿಕಳಿಸಿ ಹೆಂಡತಿಗೆ ಬೈಂಡಿಂಗಿನ ಮೇಜಿನಲ್ಲಿ ಕೆಲಸ ಕೊಟ್ಟ. ಅತ್ತೆ ಒಂದು ದಿನ ಮುಖ ಊದಿಸಿಕೊಂಡಿದ್ದರು, ಎರಡನೆಯ ದಿನ ತಾವೇ ಬುತ್ತಿ ಕಟ್ಟಿಕೊಟ್ಟರು. ಹಾಳೆ ಮಡಚುವುದು, ಪಿನ್ನು ಹೊಡೆಯುವುದು, ಅಂಟು ಹಚ್ಚುವುದು ಅವಳಿಗೆ ಬೇಗ ಕೈಹತ್ತಿತು. ತಿಂಗಳು ಕಳೆಯುವಷ್ಟರಲ್ಲಿ, ಗಂಡನ ಜಾಗಕ್ಕೆ ಬಂದಿದ್ದ ಕಟಿಂಗಿನವನು ಹೇಳದೆ ಕೇಳದೆ ಕೆಲಸ ಬಿಟ್ಟ. ಮೇಸ್ತ್ರಿ ಅವಳನ್ನು ಯಂತ್ರದ ಮುಂದೆ ನಿಲ್ಲಿಸಿದ.

ಯಂತ್ರಕ್ಕೆ ಎರಡು ಹಸಿರು ಗುಂಡಿ, ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯಬೇಕು. ಅಂದರೆ ಆ ಹೊತ್ತಿಗೆ ಎರಡು ಕೈಯೂ ಗುಂಡಿಯ ಮೇಲಿರಬೇಕು. ಬಲಗಡೆಯ ಗುಂಡಿ ಒಳಗೇ ಅದುಮಿಕೊಂಡಿತ್ತು. ಮೇಲೆ ಕಪ್ಪು ಟೇಪು, ಜಿಡ್ಡು ಹಿಡಿದು ಹೊಳೆಯುತ್ತಿತ್ತು.

"ಇದ್ಯಾಕೆ ಅಂಟಿಸಿದೀರಾ?"

"ಒಂದು ಕೈ ಬಿಡುವಾಗಿದ್ರೆ ಕಾಗದ ಸರಿ ಮಾಡ್ಕೋಬಹುದು, ಕೆಲಸ ಓಡ್ತದೆ" ಎಂದ ಮೇಸ್ತ್ರಿ. ಆಮೇಲೆ ದನಿ ತಗ್ಗಿಸಿದ. "ನಾವು ಅಂಟಿಸಿದ್ದಲ್ಲಮ್ಮ. ನಿನ್ನ ಗಂಡನೇ. ಎರಡು ವರ್ಷ ಆಯ್ತು. ನಾವೂ ನೋಡ್ಕೊಂಡು ಸುಮ್ನಿದ್ವಿ, ಯಜಮಾನ್ರೂ ಸುಮ್ನಿದ್ರು."

ಅವಳು ಉಗುರಿನಿಂದ ಟೇಪು ಕಿತ್ತಳು. ಎರಡು ಕೈಯಲ್ಲಿ ಕೆಲಸ ಕುಂಟಿತು. ಸಂಜೆಯೊಳಗೆ ಮೇಸ್ತ್ರಿ ನಾಲ್ಕು ಸಲ ಗೊಣಗಿದ.

ಮನೆಗೆ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು. "ರೀ, ಆ ಟೇಪು ನೀವೇ ಹಾಕಿದ್ದಾ?"

ಅವನು ಗೋಡೆಯಿಂದ ಕಣ್ಣು ತೆಗೆಯಲಿಲ್ಲ. "ಹೂಂ. ಎಲ್ರೂ ಭೇಷ್ ಅಂತಿದ್ರು. ನನ್ನಷ್ಟು ಬೇಗ ಯಾರೂ ಕತ್ತರಿಸ್ತಿರ್ಲಿಲ್ಲ. ಒಂದು ಹಾಳೆ ಸೊಟ್ಟ ಇತ್ತು ಅಂತ ಬಲಗೈ ಹಾಕ್ದೆ. ಅಷ್ಟರಲ್ಲಿ ಎಡಗೈ ಒತ್ತಿಬಿಟ್ಟಿತ್ತು."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ತಟ್ಟೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದಲೋ. ಬಂದು ಕುಳಿತು ತುತ್ತು ಮಾಡಿದರು. ಅಂದು ಶಾಪವಿಲ್ಲ. ಮಾರನೆಯ ದಿನವೂ ಇಲ್ಲ. ಮೂರನೆಯ ದಿನ ಅವನಿಗೇ ತಡೆಯಲಾಗಲಿಲ್ಲ.

"ಬೈಯಮ್ಮ. ನನ್ನನ್ನೇ ಬೈ."

"ಬಾಯಿ ತೆಗಿ" ಎಂದರು ಅತ್ತೆ, ತುತ್ತು ಮುಂದೆ ಹಿಡಿದು.

ಆ ವಾರವೇ ಕಟಿಂಗಿಗೆ ಹೊಸಬನೊಬ್ಬ ಬಂದ. ನಲವತ್ತು ದಾಟಿದವನು, ಮಾತಿನ ಮಲ್ಲ. ಅವಳನ್ನು ಮತ್ತೆ ಬೈಂಡಿಂಗಿಗೆ ಹಾಕಿದರು. ಹೊಸಬ ಬಂದ ದಿನವೇ ಬಲಗುಂಡಿಗೆ ಹೊಸ ಟೇಪು ಹತ್ತಿತು. ಅವಳು ಹೇಳಿ ನೋಡಿದಳು. "ಇಪ್ಪತ್ತು ವರ್ಷದ ಕೈ ಅಕ್ಕಾ ಇದು, ಅಲಗಿಗೇ ನನ್ನ ಕಂಡ್ರೆ ಭಯ" ಎಂದು ಅವನು ನಕ್ಕ. ಅವಳು ಕಿತ್ತರೆ ಅವನು ಅಂಟಿಸುತ್ತಿದ್ದ.

ಇದನ್ನು ಅವಳು ಮನೆಯಲ್ಲಿ ಹೇಳಿದ್ದು ಬೇಸರಕ್ಕೆ, ಬೇರೆ ಯಾವ ಉದ್ದೇಶವೂ ಇರಲಿಲ್ಲ. ಮರುದಿನ ಬೆಳಿಗ್ಗೆ ಗಂಡ ಎದ್ದು ಅಂಗಿ ಹಾಕಿಕೊಳ್ಳತೊಡಗಿದ. ಎಡಗೈಯಲ್ಲಿ ಗುಂಡಿ ಹಾಕಲು ಕಾಲು ಗಂಟೆ ಹಿಡಿಯಿತು. ಸಹಾಯಕ್ಕೆ ಹೋದವಳನ್ನು ಹತ್ತಿರ ಸೇರಿಸಲಿಲ್ಲ. ಅವಳ ಜೊತೆ ಪ್ರೆಸ್ಸಿಗೆ ಹೋಗುವ ದಾರಿಯುದ್ದಕ್ಕೂ ಟವೆಲು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು, ಗೋಡೆಯ ಪಕ್ಕಕ್ಕೇ ನಡೆದ.

ಪ್ರೆಸ್ಸಿನಲ್ಲಿ ಯಾರನ್ನೂ ಮಾತಾಡಿಸದೆ ನೇರ ಯಂತ್ರದ ಬಳಿಗೆ ಹೋದ. ಹೊಸಬ ತಲೆಯೆತ್ತಿದ. ಗಂಡ ಟವೆಲು ಬಿಚ್ಚಿ, ಆ ಕೈಯನ್ನು ಕಾಗದದ ಕಟ್ಟಿನ ಮೇಲಿಟ್ಟ. ಗುಲಾಬಿ ಬಣ್ಣದ ನುಣ್ಣನೆಯ ಗಂಟು, ಪಕ್ಕದಲ್ಲಿ ಒಂಟಿ ಹೆಬ್ಬೆರಳು.

"ನನ್ನದೂ ಹದಿನಾರು ವರ್ಷದ ಕೈ" ಎಂದ. "ಈ ಟೇಪು ಕಂಡುಹಿಡಿದವನು ನಾನೇ. ಯಂತ್ರದ್ದೇನೂ ತಪ್ಪಿಲ್ಲ."

ಹೊಸಬನ ನಗು ಇಂಗಿಹೋಯಿತು. ಆ ಕೈಯನ್ನೇ ನೋಡುತ್ತ ನೋಡುತ್ತ ಟೇಪು ಸುಲಿದ. ಬೈಂಡಿಂಗಿನ ಹೆಂಗಸರು ಕೆಲಸ ನಿಲ್ಲಿಸಿದ್ದರು. ಗಾಜಿನ ಕೋಣೆಯಿಂದ ಯಜಮಾನ ಎಲ್ಲವನ್ನೂ ನೋಡಿದ, ಹೊರಗೆ ಬರಲಿಲ್ಲ.

ಎರಡು ದಿನ ಬಿಟ್ಟು ಮೇಸ್ತ್ರಿ ಅವಳ ಬಳಿ ಬಂದು ತಲೆ ಕೆರೆದುಕೊಂಡ. ಬೈಂಡಿಂಗಿನಲ್ಲಿ ಸದ್ಯಕ್ಕೆ ಜನ ಜಾಸ್ತಿಯಾಗಿದ್ದಾರಂತೆ, ಬೇಕಾದಾಗ ಹೇಳಿಕಳಿಸುತ್ತಾರಂತೆ. ಅವಳು ಬುತ್ತಿ ಡಬ್ಬಿ ತೆಗೆದುಕೊಂಡು ಹೊರಟಳು.

ನಡು ಮಧ್ಯಾಹ್ನ ಬಾಗಿಲಲ್ಲಿ ಹೆಂಡತಿಯನ್ನು ಕಂಡೇ ಅವನಿಗೆ ಎಲ್ಲ ಗೊತ್ತಾಯಿತು. "ನನ್ನಿಂದ ನಿನ್ನ ಕೆಲಸಾನೂ ಹೋಯ್ತು" ಎಂದ.

"ಹೋಯ್ತು" ಎಂದು ಅವಳು ಪಕ್ಕದಲ್ಲಿ ಕುಳಿತಳು.

"ಅವನು ಮತ್ತೆ ಅಂಟಿಸಿದ್ನಾ?"

"ನಾನು ಬರೋವರೆಗೂ ಇಲ್ಲ."

ಅವಳು ಡಬ್ಬಿ ಬಿಚ್ಚಿ ಇಬ್ಬರ ನಡುವೆ ಇಟ್ಟಳು. ಅವನು ತಾನೇ ಎಡಗೈಯಿಂದ ಒಂದು ತುತ್ತು ತೆಗೆದುಕೊಂಡ. ಅರ್ಧ ಬಾಯಿಗೆ ಹೋಯಿತು, ಅರ್ಧ ಅಂಗಿಯ ಮೇಲೆ ಬಿತ್ತು.