ಹನ್ನೊಂದು ಹಲ್ಲು

ಗಟ್ಟಿಮೇಳದ ಹೊತ್ತಿಗೆ ಸರಿಯಾಗಿ ಸೋಮಸ್ಕಂದಣ್ಣ ನಾಗಸ್ವರದ ಸಮೇತ ಮುಂದಕ್ಕೆ ಮುಗ್ಗರಿಸಿ ಬಿದ್ದ. ತಾಳಿ ಕಟ್ಟುವಾಗ ಓಲಗ ನಿಲ್ಲಬಾರದು. ಇಪ್ಪತ್ತೆಂಟು ವರ್ಷ ಅವನ ಪಕ್ಕದಲ್ಲಿ ಕೂತು ತವಿಲು ಬಾರಿಸಿದ ನಾನು, ಅವನು ಸತ್ತನೋ ಬದುಕಿದನೋ ಎಂದು ತಿರುಗಿಯೂ ನೋಡದೆ ಮೂರನೇ ಗಂಟು ಬೀಳುವವರೆಗೆ ಬಡಿಯುತ್ತಲೇ ಇದ್ದೆ. ನನ್ನ ಬುದ್ಧಿ ಅಂಥದ್ದು.

ಮಾಯವರಂನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ ನೇರವಾಗಿ ಚೆನ್ನೈಗೆ ಕಳಿಸಿದರು. ಅಲ್ಲಿ ಶಸ್ತ್ರಚಿಕಿತ್ಸೆ ಮಾಡುವವಳು ಯಾಳಿನಿ, ನನ್ನ ಮಗಳ ವಯಸ್ಸಿನವಳು. ಹೃದಯದಿಂದ ರಕ್ತ ಮೈಗೆ ಹೊರಡುವ ಜಾಗದ ಕವಾಟ ಸುಣ್ಣಗಟ್ಟಿ, ತೆರೆಯುವುದನ್ನೇ ಮರೆತಿದೆ ಎಂದಳು. ಎದೆ ಸೀಳಿ ಹೊಸದನ್ನು ಹಾಕಬೇಕು. ವಯಸ್ಸು ಅರವತ್ತಾರು, ಸಕ್ಕರೆ ಕಾಯಿಲೆ, ಕಿಡ್ನಿ, ಉಸಿರು ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿ ಅಣ್ಣನ ಕಡೆ ತಿರುಗಿದಳು.

"ನಿಮ್ಮಂಥೋರು ನೂರು ಜನಕ್ಕೆ ಆಪರೇಷನ್ ಮಾಡಿದ್ರೆ ಮೂರು ಜನ ಉಳಿಯಲ್ಲ. ಮಾಡದೇ ಹೋದ್ರೆ ಒಂದು ವರ್ಷ, ಹೆಚ್ಚೆಂದ್ರೆ ಎರಡು. ಇದು ಸದ್ಯದ ಅಂದಾಜು ಅಯ್ಯಾ, ಇನ್ನೂ ಸ್ಕ್ಯಾನ್ ಆಗ್ಬೇಕು."

ಆಮೇಲೆ ಬಾಯಿ ತೆರೆಸಿ ನೋಡಿದಳು. ಐವತ್ತು ವರ್ಷದ ಎಲೆಯಡಿಕೆ ಅಲ್ಲಿತ್ತು.

"ಇದರ ಕೀವು ಹೊಸ ಕವಾಟಕ್ಕೆ ಹತ್ತಿದ್ರೆ ಕಥೆ ಮುಗೀತು. ಹನ್ನೊಂದು ಹಲ್ಲು ಕೀಳಿಸ್ಬೇಕು. ಮುಂದಿನ ಆರೂ ಸೇರಿ."

ಅಣ್ಣ ನಕ್ಕುಬಿಟ್ಟ. "ಅಮ್ಮಾ, ಮುಂದಿನ ಹಲ್ಲು ಹೋದ್ರೆ ನಾಗಸ್ವರದ ತುದೀಲಿ ಬಾಯಿಗಿಡೋ ಸೀವಾಳೀನ ತುಟಿ ಹಿಡಿಯೋದು ಹೇಗೆ? ಕಟ್ಟಿಸ್ಕೊಂಡ ಹಲ್ಲಿಗೆ ಸ್ವರ ನಿಲ್ಲಲ್ಲ. ಎರಡು ವರ್ಷ ಅಂದ್ರಲ್ಲ, ಬೇಕಾದಷ್ಟಾಯ್ತು. ಮನೇಲಿ ಕೂತು ಸಣ್ಣಗೆ ಊದ್ಕೊಂಡು ಹೋಗಿಬಿಡ್ತೀನಿ."

ಅವನ ಹೆಂಡತಿ ತೈಯಲ್‌ನಾಯಕಿ ಅತ್ತಿಗೆ ಹೊರಗೆ ಬಂದು ನನ್ನ ಕೈ ಹಿಡಿದುಕೊಂಡಳು. "ತಮ್ಮಾ, ನಿನ್ನ ಮಾತೊಂದನ್ನೇ ಅವರು ಕೇಳೋದು."

ಎರಡು ದಿನ ಅವನನ್ನು ಬೈದೆ. "ಊದೋದು ಬಿಟ್ರೆ ನೀನು ಮನುಷ್ಯನೇ ಅಲ್ವಾ? ಅತ್ತಿಗೆ ಏನು, ನಿನ್ನ ಶ್ರುತಿಪೆಟ್ಟಿಗೇನಾ, ಮುಚ್ಚಿಟ್ಟು ಹೋಗೋಕೆ?" ಮೂರನೇ ದಿನ ಅವನು ಸೋತ. "ಆಯ್ತು ಕಣೋ, ಕಲಿಯಾ. ಕೀಳ್ಸು. ಬದುಕಿದ್ದು ನಿನ್ನ ತವಿಲನ್ನಾದ್ರೂ ಕೇಳ್ತೀನಿ."

ಮಂಗಳವಾರ ಬೆಳಿಗ್ಗೆ ಅವನನ್ನು ರಕ್ತಪರೀಕ್ಷೆಗೆ ಕರೆದೊಯ್ದಿದ್ದರು, ಅತ್ತಿಗೆ ಜೊತೆಗೆ ಹೋಗಿದ್ದಳು. ನರ್ಸ್ ಬಂದಳು. "ಸ್ಕ್ಯಾನ್ ಮೆಷಿನ್ ಕೆಟ್ಟಿದೆ, ಗುರುವಾರ ಸರಿಹೋಗುತ್ತೆ. ಹಲ್ಲಿನ ಡಾಕ್ಟ್ರು ಇವತ್ತು ಖಾಲಿ ಇದ್ದಾರೆ. ಇವತ್ತೇ ಕೀಳಿಸ್ತೀರೋ, ಸ್ಕ್ಯಾನ್ ನೋಡ್ಕೊಂಡು ಗುರುವಾರ ಸಂಜೆ ಮಾಡ್ಸೋಣವೋ?"

ಶುಕ್ರವಾರ ಸಂಜೆ ಕುಂಭಕೋಣದಲ್ಲಿ ಒಂದು ಮದುವೆಗೆ, ಬೇರೊಬ್ಬ ನಾಗಸ್ವರದವನ ಜೊತೆ, ಅಣ್ಣನಿಗೆ ಹೇಳದೆ ಒಪ್ಪಿಕೊಂಡಿದ್ದೆ. ಗುರುವಾರ ಸಂಜೆ ಹಲ್ಲು ಕಿತ್ತರೆ ಶುಕ್ರವಾರ ಅವನನ್ನು ಬಿಟ್ಟು ಹೊರಡಲಾಗುತ್ತಿರಲಿಲ್ಲ.

"ಇವತ್ತೇ ಮುಗಿಸಿಬಿಡಿ," ಅಂದೆ.

ಗುರುವಾರ ಸ್ಕ್ಯಾನ್ ಆಯಿತು. ಯಾಳಿನಿ ಮೂವರನ್ನೂ ಕರೆದು ಕೂರಿಸಿದಳು. ಅಣ್ಣನ ಬಾಯಲ್ಲಿ ಇನ್ನೂ ಹತ್ತಿ ಇತ್ತು.

"ಹೃದಯದಿಂದ ಹೊರಡೋ ದೊಡ್ಡ ನಾಳ ಪೂರ್ತಿ ಪಿಂಗಾಣಿ ಥರ ಆಗಿದೆ. ಆಪರೇಷನ್ ಹೊತ್ತಲ್ಲಿ ಅದಕ್ಕೆ ಇಕ್ಕಳ ಹಾಕಿ ಹಿಡೀಬೇಕು. ಹಿಡಿದ್ರೆ ಚೂರು ಒಡೆದು ಮೆದುಳಿಗೆ ಹೋಗುತ್ತೆ. ಮೂರು ಅಂದಿದ್ದೆ. ಈಗ ನೂರಕ್ಕೆ ಎಷ್ಟು ಅಂತ ಹೇಳೋಕೂ ಧೈರ್ಯ ಇಲ್ಲ. ನಾನು ಎದೆ ತೆರೆಯಲ್ಲ."

"ಕಾಲಿಂದ ತೂರಿಸಿ ಹಾಕ್ತಾರಂತಲ್ಲ?" ಎಂದೆ.

"ಕಾಲಿನ ನಾಳಗಳಲ್ಲೂ ಅದೇ ಸುಣ್ಣ. ಬೇರೆ ಕಡೆಯಿಂದಲೂ ನೋಡಿದ್ವಿ. ದಾರಿ ಇಲ್ಲ."

ಅಣ್ಣ ಹತ್ತಿ ತೆಗೆದ. "ಹಾಗಾದ್ರೆ ಹಲ್ಲು?"

ಅವಳು ಮುಖ ತಗ್ಗಿಸಿದಳು. "ಸ್ಕ್ಯಾನ್ ಮೊದಲು ಆಗ್ಬೇಕಿತ್ತು ಅಯ್ಯಾ. ತಪ್ಪಾಯ್ತು."

ತಪ್ಪೊಪ್ಪಿಕೊಳ್ಳಲು ಅವಳಿಗಿದ್ದ ಯೋಗ್ಯತೆ ನನಗಿರಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರನ್ನೂ ಊರಿನ ಕಾರು ಹತ್ತಿಸಿ ಕುಂಭಕೋಣಕ್ಕೆ ಹೋದೆ.

ವಾರ ಬಿಟ್ಟು ಮನೆಗೆ ಹೋದಾಗ ಅಣ್ಣ ದಿಂಬಿಗೆ ಒರಗಿ ಸೀವಾಳಿಯನ್ನು ತುಟಿಗೆ ಒತ್ತುತ್ತಿದ್ದ. ಗಾಳಿ ಬದಿಯಿಂದ ಸೋರುತ್ತಿತ್ತು, ಜೊಲ್ಲು ಗಲ್ಲದ ಮೇಲೆ ಇಳಿಯುತ್ತಿತ್ತು. ನನ್ನನ್ನು ನೋಡಿ ಅದನ್ನು ಎಸೆದ. ಆಸ್ಪತ್ರೆಯನ್ನು, ಮೆಷಿನ್ನನ್ನು, ಎಲ್ಲರನ್ನೂ ಬೈದ.

"ಎರಡು ದಿನ ತಡೆದಿದ್ರೆ ನನ್ನ ಹಲ್ಲು ಉಳೀತಿತ್ತು. ಆ ನರ್ಸ್ ಯಾರನ್ನ ಕೇಳಿ ಕೀಳಿಸಿದ್ಳೋ!"

ಇನ್ನು ತಡೆಯಲಾಗಲಿಲ್ಲ. "ನನ್ನನ್ನ ಕೇಳಿದ್ಳು ಅಣ್ಣ. ಶುಕ್ರವಾರ ಒಂದು ಮದುವೆ ಒಪ್ಕೊಂಡಿದ್ದೆ."

ಹೊಡೆಯಲಿ ಎಂದು ಹತ್ತಿರ ಸರಿದೆ. ಅವನು ಕೈ ಎತ್ತಲಿಲ್ಲ.

"ಯಾರು ಊದಿದ್ದು?"

"ತಿರುವಾರೂರಿನ ಮಾಸಿಲಾಮಣಿ."

"ಏನು ಊದಿದ?"

"ಕಾಂಭೋಜಿ."

"ಹೇಗಿತ್ತು?"

ಸಂಗೀತದ ವಿಷಯದಲ್ಲಿ ಅವನಿಗೆ ಒಮ್ಮೆಯೂ ಸುಳ್ಳು ಹೇಳಿದವನಲ್ಲ. ಆವತ್ತಾದರೂ ಹೇಳಬೇಕಿತ್ತು.

"ಚೆನ್ನಾಗಿತ್ತು ಅಣ್ಣ."

ಅವನು ಗೋಡೆ ಕಡೆ ತಿರುಗಿ ಮಲಗಿದ. "ಇವನನ್ನ ಇನ್ನು ಒಳಗೆ ಬಿಡ್ಬೇಡ ಕಣೇ," ಎಂದು ಅತ್ತಿಗೆಗೆ ಹೇಳಿದ.

ಹತ್ತೊಂಬತ್ತು ದಿನ ನಾನು ಅವನ ಮನೆಯ ಜಗಲಿಯವರೆಗೆ ಹೋಗಿ, ಕೂತು, ಎದ್ದು ಬಂದೆ. ಇಪ್ಪತ್ತನೆಯ ದಿನ ಅತ್ತಿಗೆ ತಾನಾಗಿ ಬಾಗಿಲು ತೆರೆದಳು. ಒಳಗೆ ಅಣ್ಣನ ತಲೆಯ ಬಳಿ ದೀಪ ಹಚ್ಚಿಟ್ಟಿದ್ದರು.

"ಈಗ ಒಳಗೆ ಬಾ ತಮ್ಮಾ," ಅಂದಳು.