ರಾಜಮಾತೆಯ ಗಡೀಪಾರು

ಆನ್‌ಲೈನ್ ಆಟವೊಂದಕ್ಕೆ ಅರಮನೆಯ ಒಳಜಗಳಗಳನ್ನು ಹೆಣೆಯುವುದು ತಂಗಿಯ ಕೆಲಸ. ಆಡುವವರು ಮಂತ್ರಿಗಳಾಗಿ, ಸಾಮಂತರಾಗಿ ಸಭೆ ಸೇರಿ ಓಟು ಹಾಕುತ್ತಾರೆ. ಕಥೆ ಬರೆಯುವ ಅವಳಿಗೂ ಎಲ್ಲರಂತೆ ಒಂದೇ ಓಟು. ಆಟದಲ್ಲಿ ಎಲ್ಲದಕ್ಕೂ ಮೂಗು ತೂರಿಸುವ ರಾಜಮಾತೆಯ ಪಾತ್ರಕ್ಕೆ ಮಾತು ಹೊಳೆಯದೆ ತಿಣುಕುತ್ತಿದ್ದಾಗ, ತನ್ನನ್ನು ಸಾಕಿ ಓದಿಸಿದ ಅಕ್ಕನ ಮಾತುಗಳನ್ನೇ ಎತ್ತಿ ಆ ಪಾತ್ರದ ಬಾಯಿಗಿಟ್ಟಿದ್ದಳು. "ದೀಪ ಆರಿಸಿದ್ಯಾ? ಯಾರ ಜೊತೆ ಗುಸುಗುಸು?" ಆಡುವವರು ಬಿದ್ದು ಬಿದ್ದು ನಕ್ಕರು. ಇವತ್ತು ಸಭೆ ಆ ಮುದುಕಿಯನ್ನು ಗಡೀಪಾರು ಮಾಡಿತು. ಉಳಿಯಲಿ ಎಂದದ್ದು ಒಂದೇ ಓಟು.

ಅಡುಗೆಮನೆಯಲ್ಲಿ ಅಕ್ಕ ಫೋನು ಹಿಡಿದು ಕೂತಿದ್ದಳು. ತಂಗಿಯ ಆಟವೆಂದು ತಾನೂ ಸೇರಿಕೊಂಡಿದ್ದಳು.

"ಓಡಿಸೇಬಿಟ್ರಲ್ಲೇ ಮುದುಕೀನ! ಆ ಒಂದು ಓಟು ನಂದೇ ಕಣೆ."

ತಂಗಿ ಎದುರು ಬಂದು ಕೂತಳು. "ಅಕ್ಕಾ, ಆ ರಾಜಮಾತೆ..."

"ನಾನೇ ಅಂತ ಮೊದಲನೇ ದಿನವೇ ಗೊತ್ತಾಯ್ತು. ನನ್ನ ಮಾತು ನನಗೆ ತಿಳಿಯಲ್ವಾ?" ಅಕ್ಕ ನಕ್ಕಳು. "ನೀನಾದ್ರೂ ನನ್ನ ಕಡೆ ಹಾಕ್ತೀಯ ಅಂತ ಕಾದೆ. ಮರೆತುಬಿಟ್ಯಾ?"

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆದರೆ ಸಾಕಿದವಳ ಮುಖ ನೋಡಿ ಸುಳ್ಳು ಹೇಳಲು ಅವಳಿಂದಾಗಲಿಲ್ಲ.

"ಮರೀಲಿಲ್ಲ ಅಕ್ಕಾ. ಎಲ್ಲರ ಜೊತೆ ನಗ್ತಾ ನಗ್ತಾ ನಾನೂ ಗಡೀಪಾರಿಗೇ ಹಾಕಿದೆ."

ಅಕ್ಕನ ನಗು ನಿಂತಿತು. ಅವಳು ಫೋನನ್ನು ಮೆಲ್ಲಗೆ ಬೋರಲಾಗಿ ಇಟ್ಟಳು.